ಉಪ್ಪುನೀರಿನ ತೊಟ್ಟಿಯ ವಜೀರಾ

ವಜೀರಾಳನ್ನು ನಾನು ಮೊದಲು ಕಂಡ ದಿನ ಆಕೆ ರಾಮನಗರದ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ, ಗಾಜಿನ ತೊಟ್ಟಿಯೊಳಗೆ ಮೊಳಕೈವರೆಗೆ ಕೈ ಇಳಿಬಿಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲೊಂದನ್ನು ಉಜ್ಜುತ್ತಿದ್ದಳು. ಔಷಧಿ ಬರೆಸಲು ಬಂದಿದ್ದ ನಿವೃತ್ತ ಮೇಷ್ಟರೊಬ್ಬರ ಮೊಮ್ಮಗಳು ತನ್ನ ಜ್ವರವನ್ನು ಮರೆತು ಗಾಜಿಗೆ ಮೂಗು ಒತ್ತಿದಳು.

"ಬೂಬಮ್ಮಾ, ಮೀನಿಗೆ ಹಲ್ಲುಜ್ತಾ ಇದೀಯಾ?"

"ಹೂಂ ಕಣವ್ವಾ. ಹಲ್ಲುಜ್ಜದೆ ಬಂದಿರೋ ಮಕ್ಕಳಿಗೂ ಇದೇ ಬ್ರಷ್ಷು. ಎಲ್ಲಿ, ಬಾಯಿ ತೆಗಿ!"

ಹುಡುಗಿ ಬಾಯಿ ಮುಚ್ಚಿಕೊಂಡು ತಾತನ ಪಂಚೆಯ ಹಿಂದೆ ಅಡಗಿದಳು. ಕಾದು ಕುಳಿತವರೆಲ್ಲ ನಕ್ಕರು. ವಜೀರಾಳೂ ನಕ್ಕಳು. ಆದರೆ ಅವಳ ಕಣ್ಣು ಗಾಜಿಗೆ ಅಂಟಿದ್ದ ಪುಟ್ಟ ಶಂಖದ ಹುಳುಗಳ ಮೇಲಿಂದ ಕದಲಲಿಲ್ಲ. ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಹುಳುಗಳನ್ನು ಎಣಿಸುತ್ತಿದ್ದಳು. ಏಕೆಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅವಳೇ ಬಾಯಿ ಬಿಟ್ಟು ಹೇಳಿದಾಗ.

ಹನ್ನೆರಡನೆಯ ವಯಸ್ಸಿನಿಂದ ವಜೀರಾ ಗಫಾರ್ ಸಾಬರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಿದವಳು. ಕುದಿನೀರಿನಲ್ಲಿ ಬೆಂದ ಗೂಡುಗಳ ಮೇಲೆ ಬ್ರಷ್ಷಾಡಿಸಿ, ಎಳೆಯ ತುದಿ ಹಿಡಿದು, ತುಂಡಾಗದಂತೆ ಚರಕಕ್ಕೆ ಕೊಡುವುದು ಅವಳ ಕೆಲಸ. ನೀರಿನ ವಿಷಯದಲ್ಲಂತೂ ಅವಳದೇ ಕೊನೆಯ ಮಾತು. ಹೊಸ ಬೋರು ಕೊರೆಸಿದರೆ ಸಾಬರು ಮೊದಲ ಚೊಂಬನ್ನು ಅವಳ ಮುಂದೆ ಇಡುತ್ತಿದ್ದರು. ಅವಳು ನಾಲಗೆಯ ತುದಿಗೆ ಮುಟ್ಟಿಸಿ, ಎರಡು ಬೆರಳ ನಡುವೆ ಉಜ್ಜಿ, ನೂಲಿಗೆ ಆಗುತ್ತದೆ ಇಲ್ಲವೇ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದಳು. ಆ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಆದರೆ ಇಪ್ಪತ್ತಾರು ವರ್ಷ ಕುಡಿದ ಹಬೆ ಎದೆಯಲ್ಲಿ ಗೂಡು ಕಟ್ಟಿತು. ಹತ್ತು ಹೆಜ್ಜೆ ನಡೆದರೆ ಉಬ್ಬಸ. ಮೊಮ್ಮಗನನ್ನು ತೋರಿಸಲು ಹೋದಾಗ ಡಾಕ್ಟರು ಮುನಿಶಾಮಯ್ಯನವರು ಮಗುವನ್ನು ಬಿಟ್ಟು ಅವಳ ಬೆನ್ನಿಗೇ ಸ್ಟೆತಾಸ್ಕೋಪು ಇಟ್ಟರು.

"ಇನ್ನೊಂದು ವರ್ಷ ಆ ಹಬೇಲಿ ಕೂತ್ರೆ ನೀನು ಉಳಿಯಲ್ಲ ಕಣಮ್ಮ."

ಹೇಳಿ ಸುಮ್ಮನಾಗಲಿಲ್ಲ, ಕ್ಲಿನಿಕ್ಕಿನಲ್ಲೇ ಕೆಲಸ ಕೊಟ್ಟರು. ಕಸ ಗುಡಿಸುವುದು, ಮತ್ತು ಆ ತೊಟ್ಟಿ ನೋಡಿಕೊಳ್ಳುವುದು.

ಮಂಗಳೂರಿನಲ್ಲಿ ಓದಿದ್ದ ಡಾಕ್ಟರಿಗೆ ಸಮುದ್ರವೆಂದರೆ ಪ್ರಾಣ. ತೊಟ್ಟಿಯಲ್ಲಿ ಉಪ್ಪುನೀರು, ಬಿಳಿಪಟ್ಟೆಯ ಎರಡು ಕಿತ್ತಳೆ ಮೀನು, ಹೂವಿನಂತೆ ಅರಳುವ ಜೀವಂತ ಹವಳಗಳು, ಪಾಚಿ ಮೇಯಲು ಹನ್ನೆರಡು ಶಂಖದ ಹುಳು. ಡಾಕ್ಟರು ಹೇಳಿಕೊಟ್ಟ ನಿಯಮ ಒಂದೇ.

"ಉಪ್ಪು ಆವಿಯಾಗಲ್ಲ, ನೀರು ಮಾತ್ರ ಆಗುತ್ತೆ. ಕಡಿಮೆಯಾದಷ್ಟು ಈ ಫಿಲ್ಟರ್ ಮೆಷೀನಿನ ನೀರು ತುಂಬು. ಬೇರೆ ನೀರು ಒಂದು ಲೋಟವೂ ಬೇಡ."

ಆ ಮೆಷೀನು ಹನಿಹನಿಯಾಗಿ ಸೋಸುತ್ತಿತ್ತು. ಒಂದು ಬಕೆಟ್ಟಿಗೆ ಅರ್ಧ ದಿನ. ನೂಲು ಬಿಚ್ಚುವವರಿಗೋ ಗೂಡು ಬೇಯಿಸುವ ಬೋಗುಣಿಯ ನೀರು ಒಂದಂಗುಲ ಇಳಿದರೂ ತಡೆಯದು. ಇಳಿದರೆ ಎಳೆ ತುಂಡಾಗುತ್ತದೆ ಎಂಬುದು ಕೈಗೆ ಕಲಿತ ಪಾಠ. ಬೇಸಿಗೆಯ ಒಂದು ಬೆಳಿಗ್ಗೆ ವಜೀರಾ ಹಿತ್ತಿಲ ಬೋರಿನ ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದಳು. ಸಿಹಿ. ಬೆರಳಿಗೆ ನುಣುಪು. ಇಂಥ ನೀರಿಗೆ ಗಫಾರ್ ಸಾಬರು ಎಷ್ಟು ಬೀದಿ ಅಲೆದಿದ್ದರು! ಒಂದು ಬಕೆಟ್ ಸುರಿದಳು. ಏನೂ ಆಗಲಿಲ್ಲ. ಮರುದಿನವೂ ಸುರಿದಳು.

"ಮೆಷೀನಿನ ನೀರೇ ತಾನೆ?" ಎಂದು ಡಾಕ್ಟರು ಒಮ್ಮೆ ಕೇಳಿದರು.

"ಹೂಂ ಸಾರ್."

ಎರಡು ತಿಂಗಳಾದ ಮೇಲೆ ಡಾಕ್ಟರು ಮಗಳ ಬಾಣಂತನಕ್ಕೆಂದು ಮೂರು ವಾರ ಮಂಗಳೂರಿಗೆ ಹೋದರು. ಅವರು ಹೋದ ಮೂರನೆಯ ದಿನ ಕಲ್ಲೊಂದರ ಮೇಲೆ ಹಸಿರು ನವಿರು ಕಾಣಿಸಿತು. ವಾರದೊಳಗೆ ಅದು ಕೂದಲಾಯಿತು. ಕಲ್ಲಿನಿಂದ ಕಲ್ಲಿಗೆ ಹಬ್ಬಿ, ನೀರಿನ ಸೆಳೆತಕ್ಕೆ ಹೆಣದ ಜಡೆಯಂತೆ ತೇಲಾಡತೊಡಗಿತು. ಅರಳಿದ್ದ ಹವಳಗಳು ಒಂದೊಂದಾಗಿ ಮುಷ್ಟಿ ಬಿಗಿದವು. ಅಂಚಿನಲ್ಲಿದ್ದ ಒಂದು ಬೆಳ್ಳಗಾಗಿ, ಮತ್ತೆ ತೆರೆಯಲೇ ಇಲ್ಲ. ವಜೀರಾಳಿಗೆ ತುತ್ತು ಇಳಿಯದಾಯಿತು. ಡಾಕ್ಟರಿಗೆ ಸುಳ್ಳು ಗೊತ್ತಾದರೆ ಈ ಕೆಲಸ ಹೋಯಿತು. ಹೋದರೆ ಮತ್ತೆ ಗಫಾರ್ ಸಾಬರ ಮನೆ, ಮತ್ತೆ ಆ ಹಬೆ. ಇನ್ನೊಂದು ವರ್ಷ ಎಂದಿದ್ದರಲ್ಲ! ದಿನವೂ ಫೋನು ಬರುತ್ತಿತ್ತು. "ಎಲ್ಲಾ ಸರಿಯಾಗೈತೆ ಸಾರ್" ಎನ್ನುವಾಗ ಅವಳ ಕಣ್ಣೆದುರಿಗೇ ಆ ಕೂದಲು ತೂಗಾಡುತ್ತಿತ್ತು.

ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಸಿದ್ದಯ್ಯ ತಿಪ್ಪಸಂದ್ರದ ಕಡೆಯ ಬೇಸಾಯಗಾರ. ಅವನು ಒಂದು ಕಾಗದದ ಪೊಟ್ಟಣ ತಂದುಕೊಟ್ಟ.

"ಮೈಲುತುತ್ತ ಕಣಮ್ಮಿ. ನಮ್ಮ ಹೊಲದ ತೊಟ್ಟೀಲಿ ಪಾಚಿ ಕಟ್ಟುದ್ರೆ ಒಂದು ಚಿಟಿಕೆ ಬುಡ್ತೀವಿ. ಮೂರು ದಿನಕ್ಕೆ ನೀರು ಕನ್ನಡಿ ಆಯ್ತದೆ."

"ದನ ಕುಡಿಯಲ್ವಾ ಸಿದ್ದಯ್ಯಣ್ಣ?"

"ದನ ಏನು, ನಾನೇ ಕುಡ್ದಿವ್ನಿ. ಸತ್ತೋಗಿದ್ದೀನಾ?"

"ಅದನ್ನ ನಿಮ್ಮ ಹೆಂಡ್ರನ್ನ ಕೇಳ್ಬೇಕು."

ಸಿದ್ದಯ್ಯ ಗೊಳ್ಳೆಂದು ನಕ್ಕು ಹೊರಗೆ ಹೋದ. ಅವಳು ಪೊಟ್ಟಣ ಬಿಚ್ಚಿದಳು. ನವಿಲಿನ ಕತ್ತಿನಂಥ ನೀಲಿ ಹರಳು. ಒಂದು ಚಿಟಿಕೆ ತೆಗೆದು ತೊಟ್ಟಿಯ ಮೇಲೆ ಕೈ ಹಿಡಿದಳು. ಬೆರಳು ಸಡಿಲಿಸಿದರೆ ಮುಗಿಯಿತು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಶುಭ್ರ. ಆದರೆ ಒಂದು ಹಿಡಿ ಗೂಡು ಬೇಯಿಸಿ ನೋಡದೆ ನೂಲಿನವರು ಯಾರೂ ರಾಶಿಯನ್ನು ಕುದಿನೀರಿಗೆ ಸುರಿಯುವುದಿಲ್ಲ. ಇಪ್ಪತ್ತಾರು ವರ್ಷದ ಆ ಅಭ್ಯಾಸ ಅವಳ ಕೈಯನ್ನು ಹಿಂದಕ್ಕೆ ಎಳೆಯಿತು. ಒಂದು ಬಾಟಲಿಗೆ ತೊಟ್ಟಿಯ ನೀರು ತುಂಬಿ, ಅದರೊಳಗೆ ಒಂದೇ ಒಂದು ಶಂಖದ ಹುಳು ಬಿಟ್ಟು, ಒಂದು ಹರಳು ಹಾಕಿದಳು.

ಮಧ್ಯಾಹ್ನದ ನಮಾಜು ಮುಗಿಸಿ ಬಂದು ನೋಡಿದರೆ ಹುಳು ಗಾಜಿನ ಹಿಡಿತ ಬಿಟ್ಟು ತಳಕ್ಕೆ ಉರುಳಿತ್ತು. ಮೆತ್ತನೆಯ ಮೈ ಚಿಪ್ಪಿನಿಂದ ಹೊರಗೆ ಜೋತುಬಿದ್ದಿತ್ತು. ಕಡ್ಡಿಯಿಂದ ಮುಟ್ಟಿದಳು. ಒಳಗೆ ಎಳೆದುಕೊಳ್ಳಲಿಲ್ಲ.

ತೊಟ್ಟಿಯಲ್ಲಿ ಉಳಿದ ಹನ್ನೊಂದು ಹುಳುಗಳೂ ಏನೂ ಅರಿಯದೆ ಮೇಯುತ್ತಿದ್ದವು. ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು. ಆದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿದೆಯೇನೋ ಎಂದು ತೊಟ್ಟಿಯ ಹತ್ತಿರ ಸುಳಿಯಲು ಅಂಜಿದಳು. ಕೊನೆಗೆ ಫೋನು ಎತ್ತಿದಳು.

"ಸಾರ್, ಸುಳ್ಳು ಹೇಳಿದ್ದೆ." ಬೋರಿನ ನೀರು, ಪಾಚಿ, ಪೊಟ್ಟಣ, ಸತ್ತ ಹುಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಡಾಕ್ಟರು ಮೊದಲು ಕೇಳಿದ್ದು ಪೊಟ್ಟಣದ ವಿಷಯವನ್ನೇ.

"ತೊಟ್ಟಿಗೆ ಎಷ್ಟು ಬಿತ್ತು?"

"ಬಿದ್ದಿಲ್ಲ ಸಾರ್. ಬಾಟ್ಲಿಗೆ ಅಷ್ಟೆ."

"ಒಂದು ಹರಳೂ ಬಿದ್ದಿಲ್ಲ ತಾನೆ?"

"ಅಲ್ಲಾನಾಣೆ ಇಲ್ಲ ಸಾರ್."

"ಅದರಲ್ಲಿರೋದು ತಾಮ್ರ ಕಣಮ್ಮ. ಬಿದ್ದಿದ್ರೆ ಹವಳ ಒಂದೂ ಉಳೀತಿರಲಿಲ್ಲ." ಆಮೇಲೆ ಔಷಧಿ ಬರೆದುಕೊಡುವ ದನಿಯಲ್ಲಿ ಹೇಳಿದರು: "ತೊಟ್ಟಿಯ ದೀಪ ದಿನಕ್ಕೆ ಅರ್ಧ ಹೊತ್ತು ಮಾತ್ರ ಹಾಕು. ಮೀನಿಗೆ ದಿನ ಬಿಟ್ಟು ದಿನ ಆಹಾರ. ಮೆಷೀನಿನ ನೀರಿಗೆ ಅಳತೆಯ ಉಪ್ಪು ಬೆರೆಸಿ, ದಿನಕ್ಕೊಂದು ಬಕೆಟ್ ಹಳೇ ನೀರು ಬದಲಾಯಿಸು. ಪಾಚೀನ ಕೈಯಲ್ಲೇ ತೆಗಿ."

ಕೆಲಸ ಉಳಿಯಿತೋ ಹೋಯಿತೋ, ಆ ಮಾತನ್ನು ಅವರು ಎತ್ತಲಿಲ್ಲ. ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಬೆರಳಿನಿಂದ ಕಿತ್ತರೆ ಪಾಚಿ ಪುಡಿಯಾಗಿ ಹಾರಿ ಬೇರೆಡೆ ಕೂರುತ್ತಿತ್ತು. ವಜೀರಾ ಅಂಗಡಿಯಿಂದ ಹೊಸ ಹಲ್ಲುಜ್ಜುವ ಬ್ರಷ್ಷು ತಂದಳು. ಗೂಡಿನ ಮೇಲೆ ಆಡಿಸುವಂತೆ ಹಗುರಾಗಿ ತಾಗಿಸಿ, ತುದಿ ಸಿಕ್ಕಿದೊಡನೆ ನಿಧಾನವಾಗಿ ತಿರುಗಿಸಿದಳು. ಹಸಿರು ಕೂದಲು ಬುಡಸಮೇತ ಬ್ರಷ್ಷಿಗೆ ಸುತ್ತಿಕೊಂಡು ಬಂತು.

"ರೇಷ್ಮೆ ಬುಟ್ಟು ಪಾಚಿ ಬಿಚ್ತಾವ್ಳೆ ನೋಡ್ರಪ್ಪಾ" ಎಂದ ಸಿದ್ದಯ್ಯ. ಅವಳಿಗೆ ನಗು ಬರಲಿಲ್ಲ.

ಡಾಕ್ಟರು ಬಂದ ದಿನ ವಜೀರಾ ಟಿಫಿನ್ ಡಬ್ಬಿಯನ್ನೂ ದುಪಟ್ಟಾವನ್ನೂ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಅವರು ಬಂದವರೇ ಬೋರಿನ ನೀರನ್ನು ಗಾಜಿನ ಕೊಳವೆಗೆ ಹಿಡಿದು, ಪರೀಕ್ಷೆಯ ಮದ್ದು ಹನಿಸಿದರು. ನೀರು ರಕ್ತದಂತೆ ಕೆಂಪಾಯಿತು.

"ನೈಟ್ರೇಟು. ಹಿಂದಿನ ಬೀದಿಯ ನೂಲಿನ ಮನೆಗಳ ಕೊಳೆನೀರು ಭೂಮಿಗೆ ಇಳಿದು ಬಂದದ್ದಿರಬೇಕು. ಪಾಚಿಗೆ ಒಳ್ಳೇ ಗೊಬ್ಬರ. ನಾಲಗೆಗೆ ಸಿಕ್ಕೋದಿಲ್ಲ."

ವಜೀರಾಳ ಮೈ ಜುಮ್ಮೆಂದಿತು. ತಾನು ಬಿಟ್ಟು ಬಂದ ಬೋಗುಣಿಯ ನೀರು ನೆಲದೊಳಗೇ ಹರಿದು ತನ್ನನ್ನು ಹುಡುಕಿಕೊಂಡು ಬಂದಂತಿತ್ತು. ಚೀಲ ಕೈಗೆತ್ತಿಕೊಂಡಳು.

"ಬತ್ತೀನಿ ಸಾರ್."

"ಎಲ್ಲಿಗೆ?"

"ಗಫಾರ್ ಸಾಬ್ರ ಮನೆಗೆ."

"ಹುಳು ಎಷ್ಟಿದಾವೆ?"

"ಹನ್ನೊಂದು ಸಾರ್."

"ನಾಳೆ ಎಣಿಸೋರು ಯಾರು? ಚೀಲ ಇಡು. ಇನ್ನೊಂದು ಸಲ ಸುಳ್ಳು ಹೇಳಿದ್ರೆ ನಾನೇ ಸಾಬರ ಮನೆಗೆ ಬಿಟ್ಟು ಬರ್ತೀನಿ."

ಇದೆಲ್ಲ ನಡೆದು ಹತ್ತು ವರ್ಷವಾಯಿತು. ವಜೀರಾಳಿಗೆ ಈಗ ಐವತ್ತರ ಹತ್ತಿರ. ಕ್ಲಿನಿಕ್ಕಿನ ತೊಟ್ಟಿಯಲ್ಲದೆ, ಗುರುವಾರ ಬಸ್ಸು ಹತ್ತಿ ಚನ್ನಪಟ್ಟಣದ ಹೋಟೆಲೊಂದರ ತೊಟ್ಟಿಯನ್ನೂ ನೋಡಿ ಬರುತ್ತಾಳೆ. ಚೀಲದಲ್ಲಿ ಎರಡು ಬ್ರಷ್ಷು, ಪರೀಕ್ಷೆಯ ಮದ್ದಿನ ಶೀಷೆ. ಯಾವ ನೀರನ್ನೂ ನಾಲಗೆಗೆ ಮುಟ್ಟಿಸಿ ತೀರ್ಪು ಹೇಳುವುದಿಲ್ಲ. ಬೆಳಿಗ್ಗೆ ತೊಟ್ಟಿಯ ದೀಪ ಹಾಕುವ ಮುನ್ನ ಇಂದಿಗೂ ಅವಳ ಎದೆ ಡವಗುಟ್ಟುತ್ತದೆ. ಬಿಸ್ಮಿಲ್ಲಾ ಎಂದು ಸ್ವಿಚ್ಚು ಒತ್ತಿ, ಮೊದಲು ಹುಳುಗಳನ್ನು ಎಣಿಸುತ್ತಾಳೆ. ಹಳೆಯವು ಹೋಗಿ ಹೊಸವು ಬಂದು ಈಗ ಹದಿನಾಲ್ಕಾಗಿವೆ. ಮೊನ್ನೆ ಹದಿಮೂರೇ ಸಿಕ್ಕವು. ಹೊರಗೆ ಮಕ್ಕಳು ಅಳುತ್ತಿದ್ದರೂ ಕೇಳಿಸದವಳಂತೆ, ಹದಿನಾಲ್ಕನೆಯದು ತೊಟ್ಟಿಯ ನೀರಿನ ಕೊಳವೆಯ ಹಿಂದಿನಿಂದ ತೆವಳಿ ಬರುವವರೆಗೂ ಗಾಜಿಗೆ ಹಣೆ ಹಚ್ಚಿ ನಿಂತೇ ಇದ್ದಳು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿ, ಬ್ರಷ್ಷು ಕೈಗೆತ್ತಿಕೊಂಡಳು.