ಚಂದ್ರಪತಂಗದ ಕೊನೆಯ ಅಂಕಿ

ಗಲಗಲಿ ಮಾಸ್ತರರು ಯಾರನ್ನೂ "ಆರಾಮರೀ?" ಎಂದು ಕೇಳಿದವರಲ್ಲ. ಮರಾಠಿ ಸೀಮೆಯ ನಿಗಡಿಯಲ್ಲಿ, ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕರೆ, "ಚಂದ್ರಪತಂಗದ ರೆಕ್ಕಿ ಮ್ಯಾಲೆ ಕಣ್ಣಿನಂಥಾ ಚುಕ್ಕಿ ಎಷ್ಟಿರ್ತಾವ, ಹೇಳ್ರಿ?" ನಾನು ನಾಲ್ಕು ಎನ್ನುವಷ್ಟರಲ್ಲಿ ನನ್ನ ಮಹಡಿ ದಾಟಿರುತ್ತಿತ್ತು.

ಧಾರವಾಡದ ಕಡೆಯವರು, ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದ ಮೇಲೆ ಜಿಯೋಕ್ಯಾಶ್ ಹುಚ್ಚು ಹಿಡಿಯಿತು: ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅಂತರ್ಜಾಲದಲ್ಲಿ ಸುಳಿವು ಕೊಡುವುದು, ಹುಡುಕಿದವರು ಒಳಗಿನ ವಹಿಯಲ್ಲಿ ಹೆಸರು ಬರೆದು ಬರುವುದು. ಮಾಸ್ತರರ ಸುಳಿವೆಲ್ಲ ಚಂದ್ರಪತಂಗದ ಪ್ರಶ್ನೆಗಳೇ. ಉತ್ತರದ ಅಂಕಿಗಳನ್ನು ಜೋಡಿಸಿದರೆ ಜಾಗದ ಅಕ್ಷಾಂಶ, ರೇಖಾಂಶ. ಕೊನೆಯ ಪ್ರಶ್ನೆ: ಕೋಶದಿಂದ ಹೊರಬಂದ ಪತಂಗ ಎಷ್ಟು ಸಲ ಉಣ್ಣುತ್ತದೆ? ಸೊನ್ನೆ. ಅದಕ್ಕೆ ಉಣ್ಣುವ ಬಾಯಿಯೇ ಇಲ್ಲ. ವಾರದೊಳಗೆ ಅದರ ಬದುಕೇ ಮುಗಿಯುತ್ತದೆ.

ಡಬ್ಬಿ ಅವರ ಮನೆಯ ಶೇಂಗಾಚಟ್ನಿಯದು. ಅದನ್ನು ಗುಡ್ಡದ ಮೇಲಿನ ಮರದ ಪೊಟರೆಯಲ್ಲಿಡುವ ಮುನ್ನ, ನೀರು ಹೊಕ್ಕೀತೆಂದು ಹೆದರಿ ಕಪ್ಪು ಟೇಪು ಸುತ್ತಿದವನು ನಾನು. ಏಳು ಸುತ್ತು. ಸಾಲದೆಂದು ಒಂದು ವೈರೂ ಬಿಗಿದೆ.

ಮೂರನೆಯ ಬೆಳಿಗ್ಗೆ ನಾವು ಹೋದಾಗ ಅಲ್ಲಿ ಜನ ಸೇರಿತ್ತು. ಗುಡ್ಡದ ಕಾವಲುಗಾರ ಉದ್ದನೆಯ ಬಿದಿರಿನಿಂದ ಡಬ್ಬಿ ಕೆಡವಲು ನಿಂತಿದ್ದ. "ಬಾಂಬ್ ಆಹೇ, ಕಾಕಾ! ಮಾಗೇ ವ್ಹಾ!" ಎಂದು ನಮ್ಮನ್ನು ಹಿಂದಕ್ಕಟ್ಟಿದ. ಪೊಲೀಸರಿಗೆ ಫೋನೂ ಹೋಗಿತ್ತಂತೆ. ಟೇಪಿನ ತುಂಬ ನನ್ನ ಬೆರಳಚ್ಚು! ಮೆಲ್ಲಗೆ ಒಂದು ಮರದ ಹಿಂದೆ ಸರಿದೆ.

ಮಾಸ್ತರರ ಕಣ್ಣು ಡಬ್ಬಿಯ ಮೇಲಿರಲಿಲ್ಲ. ಪೊಟರೆಯ ಮೇಲಿನ ರೆಂಬೆಯಲ್ಲಿ, ಎಲೆಗಳ ನಡುವೆ, ಚಂದ್ರಪತಂಗದ ನಿಜವಾದ ಕೋಶವಿತ್ತು. ಅದಕ್ಕೆಂದೇ ಅವರು ಆ ಮರ ಆರಿಸಿದ್ದು. ಬಿದಿರು ಅದಕ್ಕೆ ಗೇಣು ದೂರ.

"ಏ, ಕೋಲ್ ತಗೀ! ಒಳಗಿಂದು ಇನ್ನೂ ಹೊರಗ ಬರೂದದ!"

ಗಾಬರಿಯಲ್ಲಿ ಮರಾಠಿ ಮರೆತಿದ್ದರು. ಆ ಕಿರುಚಾಟಕ್ಕೆ ಜನ ಮತ್ತೂ ಹಿಂದೆ ಸರಿದರು. ಇವರು ನೇರ ನಡೆದು, ಪೊಟರೆಗೆ ಕೈಹಾಕಿ, ಡಬ್ಬಿ ತೆಗೆದು ಎದೆಗವಚಿಕೊಂಡು, ವೈರು ಕಿತ್ತು, ಟೇಪು ಬಿಚ್ಚತೊಡಗಿದರು. ಏಳು ಸುತ್ತು ಮುಗಿಯುವವರೆಗೆ ಯಾರೂ ಉಸಿರಾಡಲಿಲ್ಲ. ಒಳಗೆ ವಹಿ, ಪೆನ್ಸಿಲ್, ಬೆಳ್ಳುಳ್ಳಿಯ ಘಮ.

"ಬರ್ರಿ ಹೊರಗ, ಟೇಪ್ ಸಾಹೇಬ್ರ," ಎಂದು ನನ್ನ ಮರದ ಕಡೆ ಕೂಗಿದರು. ಆಮೇಲೆ ಬಂದ ಪೊಲೀಸಪ್ಪ ಬೈದು, ವಹಿಯಲ್ಲಿ ಮೊದಲ ಹೆಸರು ಬರೆದು ಹೋದ. ವಾರ ಕಳೆದು ನೋಡಿದಾಗ ಕೋಶ ಖಾಲಿಯಾಗಿತ್ತು.

ಈ ವರ್ಷ ಮಾಸ್ತರರು ಹಾಸಿಗೆ ಹಿಡಿದು ಊಟ ಬಿಟ್ಟರು. "ನಿಮ್ಮ ಮಾತರ ಕೇಳ್ತಾರೇನೋ ನೋಡ್ರಿ," ಎಂದು ಅವರ ಹೆಂಡತಿ ಗಂಜಿಯ ಬಟ್ಟಲು ನನ್ನ ಕೈಗಿತ್ತರು. ಮಾಸ್ತರರು ಕಣ್ಣು ತೆರೆದರು.

"ಕೊನೀ ಅಂಕಿ ಎಷ್ಟ್ರೀ?"

ಚಮಚಕ್ಕೆ ಗಂಜಿ ತುಂಬಿಕೊಂಡೆ. "ಒಂದು," ಎಂದೆ.

"ತಪ್ಪು. ಡಬ್ಬಿ ಸಿಗಂಗಿಲ್ಲ ನಿಮಗ."

"ಸಿಗದಿದ್ರ ಇರ್ಲಿ, ಸರ."

ನನ್ನನ್ನೇ ದಿಟ್ಟಿಸಿ, ಬಾಯಿ ತೆರೆದರು. ಒಂದು ಚಮಚ. ಎರಡನೆಯದಕ್ಕೆ ತೆರೆಯಲಿಲ್ಲ.