ಹೋತದ ಸರದಿ

ಬೇಸಿಗೆ ಬಂತೆಂದರೆ ನನ್ನ ಹಿರಿಯ ನೆಗೆಣ್ಣಿಯ ಬೆರಳ ತುದಿಗಳು ಇದ್ದಿಲು ಮುಟ್ಟಿದ ಹಾಗೆ ಕಪ್ಪಾಗಿರುತ್ತಿದ್ದವು. ಎಷ್ಟು ತಿಕ್ಕಿದರೂ ಹೋಗದು. ಅದು ಮಾಟದ ಮದ್ದಿನ ಕಲೆಯೆಂದೇ ನಾನು ನಂಬಿದ್ದೆ. ಇಲ್ಲದಿದ್ದರೆ ಅವಳ ಆಡುಗಳು ಎರಡೆರಡು ಮರಿ ಹಾಕುವುದೇಕೆ, ನನ್ನವು ಒಂದೊಂದೇ ಹಾಕುವುದೇಕೆ?

ಆಗ ನಿಜಾಮನ ರಾಜ್ಯ. ಕಾಸಾರಶಿರಸಿಯ ಸಂತೆಗೆ ನಡೆದು ಹೋಗುವಷ್ಟು ಹತ್ತಿರ ನಮ್ಮೂರು. ನಮ್ಮಿಬ್ಬರ ಗಂಡಂದಿರು, ಅಣ್ಣತಮ್ಮಂದಿರು, ಬೇರೆಯಾದಾಗ ಮಾವನವರು ಬೀರಪ್ಪ ದೇವರ ಭಂಡಾರ ಮುಟ್ಟಿ ಆಣೆಯಿಟ್ಟು ಆಡುಗಳನ್ನು ಸಮಪಾಲು ಮಾಡಿದ್ದರು. ಹೋತ ಮಾತ್ರ ಒಂದೇ, ಎರಡೂ ಮನೆಗೆ ಸೇರಿದ್ದು. ಹೊತ್ತಲ್ಲದ ಹೊತ್ತಿನಲ್ಲಿ ಆಡುಗಳ ಮೇಲೆ ಹೋಗದಿರಲೆಂದು ಅದರ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟಿರುತ್ತಿದ್ದೆವು. ಅದನ್ನು ಬಿಚ್ಚುವ ಸರದಿ ನನ್ನದೇ ಮೊದಲಾಗಬೇಕು, ಅವಳಿಗಿಂತ ಮುಂಚೆ ನನ್ನ ಆಡಿನ ದಡ್ಡಿಯಲ್ಲಿ ಮರಿ ಬೀಳಬೇಕು. ಅದಕ್ಕಾಗಿ ಸುಡುಬೇಸಿಗೆಯಲ್ಲೇ ಹೋತವನ್ನು ಎಳೆದು ತರುತ್ತಿದ್ದೆ. "ಒಯ್ಯಿ ತಂಗಿ, ನೀನೇ ಮೊದಲ ಒಯ್ಯಿ" ಎನ್ನುತ್ತಿದ್ದಳು. ನಾನು ಗೆದ್ದೆನೆಂದು ಬೀಗುತ್ತಿದ್ದೆ.

ಅತ್ತೆ ಉಣ್ಣುವುದು ನನ್ನ ಮನೆಯಲ್ಲಿ, ಹೊಗಳುವುದು ಅವಳ ಕೈಗುಣವನ್ನು. ಆ ಮಾತು ಕೇಳಿದಾಗಲೆಲ್ಲ ರೊಟ್ಟಿ ಬಡಿಯುವ ನನ್ನ ಕೈಗೆ ಬಲ ಹೆಚ್ಚುತ್ತಿತ್ತು. ಕೊನೆಗೊಮ್ಮೆ ಒಳ್ಳೆಯ ಆಡುಗಳೆಲ್ಲ ಅವಳ ಪಾಲಿಗೇ ಹೋಗಿವೆ, ಅದಲುಬದಲು ಆಗಲೇಬೇಕು ಎಂದು ಹಟ ಹಿಡಿದೆ. ಅವಳು ತನ್ನ ಆಡುಗಳ ಹಗ್ಗ ಬಿಚ್ಚಿ ಕೊಟ್ಟು, ನನ್ನವನ್ನು ಕಟ್ಟಿಕೊಂಡಳು.

ಬಂದ ಆಡುಗಳಿಗೆ ಹೊಟ್ಟೆ ನಿಂತು ಗಬ್ಬವಾದದ್ದೇ ತಡ, ಹುರುಳಿ, ಜೋಳ ಕಂಡಾಪಟ್ಟೆ ತಿನ್ನಿಸಿದೆ. ಆದರೂ ಒಂದೊಂದೇ ಮರಿ. ಅವುಗಳಲ್ಲಿ ಚೆಂದದ ಕರಿಯಾಡು ಈಯಲಾರದೆ ನೆಲಕ್ಕೆ ಬಿತ್ತು. ಬೇರೆ ದಾರಿಯಿಲ್ಲದೆ ಅವಳನ್ನೇ ಕರೆದೆ. ಕೈಗೆ ಎಣ್ಣೆ ಸವರಿಕೊಂಡು ಬಂದು, ಮೆಲ್ಲಗೆ ಎಳೆದು, ತಾಯಿ ಮರಿ ಎರಡನ್ನೂ ಉಳಿಸಿದಳು. ಮರಿ ಎಮ್ಮೆಯ ಕರುವಿನ ಹಾಗೆ ದಪ್ಪಗಿತ್ತು.

ಕೈ ತೊಳೆಯುತ್ತ ಹೇಳಿದಳು: "ಹೊಟ್ಟಿ ನಿಂತ ಮ್ಯಾಲ ತಿನಿಸಿದ್ರ ಮರಿ ದಪ್ಪ ಆಗ್ತದ, ಎರಡ ಆಗಂಗಿಲ್ಲ. ಎರಡ ಬೇಕಂದ್ರ ಹೋತ ಬಿಡೂಕಿಂತ ಮೊದ್ಲ ಆಡು ಮೈ ತುಂಬ್ಕೊಂಡಿರ್ಬೇಕು. ನೀ ಎಲುಬು ಕಾಣೂ ಆಡಿಗೆ ಬಿಡ್ತಿ. ನಾ ಬ್ಯಾಸಗಿ ತುಂಬಾ ಜಾಲಿಕಾಯಿ ತಿನಿಸಿ, ಮುಂಗಾರಿ ಮಿರಗದ ಮಳಿ ಬಿದ್ದ ಮ್ಯಾಲ ತಟ್ಟು ಬಿಚ್ತೀನಿ."

ಆ ಬೆರಳುಗಳ ಕಪ್ಪು ಜಾಲಿಕಾಯಿ ಒಡೆದು ಹತ್ತಿದ ಕಲೆಯೆಂದು ಆಗ ತಿಳಿಯಿತು. ನನಗೆ ಮೈಯೆಲ್ಲ ಉರಿಯಿತು.

"ಇಷ್ಟ ದಿನ ಯಾಕ ಹೇಳಲಿಲ್ಲಕ್ಕಾ?"

"ನೀ ಎಲ್ಲಿ ಕೇಳ್ದಿ? ಹೋತ ಕೇಳ್ದಿ, ಕೊಟ್ಟೆ. ಆಡು ಕೇಳ್ದಿ, ಕೊಟ್ಟೆ."

ಸ್ವಲ್ಪ ದಿನಕ್ಕೆ ನಾನು ಕೊಟ್ಟ ಬಡಕಲು ಆಡುಗಳು ಅವಳ ದಡ್ಡಿಯಲ್ಲಿ ಅವಳಿ ಹಾಕಿದವು. ಅತ್ತೆ ಕೋಲೂರಿಕೊಂಡು ಹೋಗಿ ನೋಡಿ ಬಂದರು. ಮರುವರ್ಷ ನಾನೂ ಜಾಲಿಕಾಯಿ ಆರಿಸಿದೆ, ಹಲ್ಲು ಕಚ್ಚಿ ಮಳೆಗೆ ಕಾದೆ. ನನ್ನ ಆಡುಗಳೂ ಎರಡೆರಡು ಹಾಕಿದವು. ಹೊಗಳಿಕೆ ಯಾರಿಗೆ ಹೋಯಿತು? "ಹಿರಿಯಾಕಿ ಕಲಿಸ್ಯಾಳ" ಎಂದರು ಅತ್ತೆ.

ಒಂದು ಬೇಸಿಗೆಯ ಕೊನೆಯಲ್ಲಿ ಜ್ವರ ಬಂದು ಅವಳು ಹೋಗಿಬಿಟ್ಟಳು. ಮೈತೊಳೆಯುವಾಗ ಹೆಂಗಸರು ಆ ಬೆರಳುಗಳನ್ನು ತಿಕ್ಕುತ್ತಿದ್ದರು. ಅದು ಹೋಗುವ ಕಲೆಯಲ್ಲ, ಬಿಡಿರಿ ಎಂದೆ. ಹೊಟ್ಟೆಕಿಚ್ಚು ಮಾತ್ರ ಆಮೇಲೂ ಆರಲಿಲ್ಲ. ಆದರೆ ಇನ್ನು ಯಾರಿಗಿಂತ ಮೊದಲಾಗಬೇಕು ನಾನು?

ಮಿರಗದ ಮಳೆ ಬಿತ್ತು. ಹೋತದ ತಟ್ಟು ಬಿಚ್ಚಿ, ಮೊದಲು ಅವಳ ದಡ್ಡಿಗೇ ಹೊಡೆದುಕೊಂಡು ಹೋದೆ.