ಬೇಟೆ ಬಂಗಲೆಯ ಜೋಡಿ

ನಾನು ನಿಂತಿದ್ದದ್ದು ಜಮಖಂಡಿಯ ಹೊರಗಿನ ಗುಡ್ಡದ ಮೇಲೆ, ಹಳೆಯ ಬೇಟೆ ಬಂಗಲೆಯ ಹಿಂಬಾಗಿಲಲ್ಲಿ. ಹೋದ ಚಳಿಗಾಲ, ಹುಣ್ಣಿಮೆಯ ರಾತ್ರಿ. ನಾನು ಕುಡಿಯುವವನಲ್ಲ. ಪೂರ್ತಿ ಎಚ್ಚರವಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಆ ಬಂಗಲೆಯಲ್ಲಿ ರಾತ್ರಿಗೆ ಕೋಣೆ, ಮುಂಜಾನೆಗೆ ನಾಷ್ಟಾ ಕೊಡುತ್ತಾರೆ. ನಾನು, ನನ್ನ ಹೆಂಡತಿ ಗೌರವ್ವ ಹೋಗಿದ್ದೆವು. ಜೊತೆಗೆ ಮೋತಿ, ನಮ್ಮ ಮುಧೋಳ ನಾಯಿ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಅದು ಗೌರವ್ವನ ಕೈಯಿಂದಲೇ ಉಣ್ಣುತ್ತಿತ್ತು.

ಬಂಗಲೆ ನೋಡಿಕೊಳ್ಳುವ ಸಿದ್ದಪ್ಪ ಕಂದೀಲು ಎತ್ತಿ ಮೊದಲು ನಾಯಿಯನ್ನೇ ನೋಡಿದ.

“ಒಂದ ಐತೇನ್ರಿ? ಜೋಡಿ ಇಲ್ಲಾ?”

“ಒಂದ ಸಾಕಾಗೇತೋ ಯಪ್ಪಾ. ಇವರಕಿಂತ ಹೆಚ್ಚ ತಿಂತೈತಿ,” ಎಂದು ಗೌರವ್ವ ನಕ್ಕಳು.

“ಛಲೋ ಆತು ಬಿಡ್ರಿ, ಅಕ್ಕಾರ.”

ಅಂಗಳದಲ್ಲಿ ಅವನ ನಾಯಿ ಮಲಗಿತ್ತು. ಬರೀ ಎಲುಬು... ಮುಂದಿನ ತಾಟಿನಲ್ಲಿ ಹಾಲು-ರೊಟ್ಟಿ ಅರ್ಧ ಹಾಗೇ ಇತ್ತು.

“ಯಾಕ ಬಿಟ್ಟೈತಿ?” ಎಂದೆ.

“ಜೋಡಿಗೆ ಬಿಡ್ತೈತ್ರಿ ಸರ.”

ಹಿಂದೆ ಅಲ್ಲಿ ಮೊಲದ ಬೇಟೆಗೆ ಎರಡು ನಾಯಿಗಳ ಕೊರಳಿಗೆ ಒಂದೇ ಹಗ್ಗ ಹಾಕಿ ಒಯ್ಯುತ್ತಿದ್ದರಂತೆ. ಆದರೆ ಅಲ್ಲಿ ಇನ್ನೊಂದು ನಾಯಿ ಇರಲಿಲ್ಲ.

ನಡುರಾತ್ರಿ ಸಿಳ್ಳೆ ಕೇಳಿತು... ಉದ್ದನೆಯದು. ಕೋಣೆಯಲ್ಲಿ ಒದ್ದೆ ತೊಗಲಿನ ವಾಸನೆ. ಮೋತಿಯ ಕೊರಳ ಹಗ್ಗ ಹಿಡಿದೆ; ಅದು ನನ್ನನ್ನು ಎಳೆದುಕೊಂಡೇ ಹಿಂಬಾಗಿಲಿಗೆ ಓಡಿತು. ನಾನೇ ಚಿಲಕ ಹಾಕಿದ್ದ ಬಾಗಿಲು ಈಗ ತೆರೆದಿತ್ತು. ಪಕ್ಕದಲ್ಲಿ ಸಿದ್ದಪ್ಪ ನಿಂತಿದ್ದ.

“ಬಿಡ್ರಿ ಸರ,” ಎಂದು ಪಿಸುಗುಟ್ಟಿದ. “ಹಿಡದ್ರ ಕೈ ಹೋಗ್ತೈತಿ.”

ಎಂದೂ ಹಲ್ಲು ತೋರಿಸದ ಮೋತಿ ನನ್ನ ಮಣಿಕಟ್ಟು ಕಚ್ಚಿತು. ಹಗ್ಗ ಜಾರಿತು.

ಬೆಳದಿಂಗಳಲ್ಲಿ ಇಳಿಜಾರು ಸ್ಪಷ್ಟವಾಗಿತ್ತು. ಮೋತಿ ಕೊರಳು ವಾರೆ ಮಾಡಿ ಓಡುತ್ತಿತ್ತು. ಅದರ ಪಕ್ಕದಲ್ಲಿ ಒಣಹುಲ್ಲು ಅದೇ ವೇಗದಲ್ಲಿ ಸೀಳಿಕೊಳ್ಳುತ್ತಾ ಹೋಗುತ್ತಿತ್ತು. ನಡುವಿನ ಹುಲ್ಲಿನ ತುದಿಗಳು, ಮೇಲೆ ಹಗ್ಗ ಹಾದಂತೆ, ಬಾಗಿ ಏಳುತ್ತಿದ್ದವು...

“ಮೋತೀ... ಬಾರೋ ನನ್ನ ಕೂಸ!” ನನ್ನ ಹಿಂದೆ ಓಡಿಬಂದ ಗೌರವ್ವ ಕೂಗಿದಳು.

ಮೋತಿ ನಿಂತಿತು. ಗೌರವ್ವನ ಕಡೆ ತಿರುಗಿತು. ಯಾರೋ ಜಗ್ಗಿದಂತೆ ಅದರ ಕೊರಳು ಪಕ್ಕಕ್ಕೆ ವಾಲಿತು. ಉಸಿರುಗಟ್ಟಿದ ಸದ್ದೊಂದು ಬಂತು. ಮತ್ತೆ ಓಡಿತು.

ಬೆಳಗಾದಾಗ ಮೋತಿ ಮೆಟ್ಟಿಲ ಮೇಲೆ ಬಿದ್ದಿತ್ತು. ಕೊರಳಿನ ಒಂದು ಬದಿ ಚರ್ಮ ಸುಲಿದು ಹಸಿಯಾಗಿತ್ತು. ಅಂಗಳದಲ್ಲಿ ಸಿದ್ದಪ್ಪನ ನಾಯಿ ತಾಟು ಪೂರ್ತಿ ನೆಕ್ಕುತ್ತಿತ್ತು. ಅವನು ಅದರ ಬೆನ್ನು ಸವರುತ್ತಾ ಅಳುತ್ತಿದ್ದ.

“ನಿನ್ನ ನಾಯೀ ಜೋಡೀನ ನಮ್ಮ ಮೋತಿ ಕೊರಳಿಗೆ ಕಟ್ಟಿದಿ, ಹೌದಲ್ಲೋ?” ಎಂದಳು ಗೌರವ್ವ.

“ನಿಮ್ಮ ಕೂಸು ನಿಮಗ, ನನ್ನ ಕೂಸು ನನಗ್ರಿ. ಉಪ್ಪಿಟ್ಟ ಆರತೈತಿ, ತಿನ್ರಿ.”

ಅಂದಿನಿಂದ ಮೋತಿ ಎಷ್ಟು ಹಾಕಿದರೂ ಅರ್ಧ ಬಿಡುತ್ತದೆ. ಗೌರವ್ವ ಕೈಯಲ್ಲಿ ಹಿಡಿದರೂ ಮೂತಿ ತಿರುಗಿಸುತ್ತದೆ. ದಿನದಿನಕ್ಕೆ ಆ ಅರ್ಧವೂ ಸಣ್ಣದಾಗುತ್ತಿದೆ. ದವಾಖಾನೆಯವರಿಗೆ ರೋಗವೇ ಸಿಗಲಿಲ್ಲ. ಈಗ ಅದಕ್ಕೆ ಎದ್ದು ನಿಲ್ಲಲೂ ಆಗುವುದಿಲ್ಲ.

ಆ ರಾತ್ರಿ ನನ್ನೊಂದಿಗೆ ಅದನ್ನು ಕಂಡವರು ಇಬ್ಬರು. ಇಬ್ಬರೂ ಬದುಕಿದ್ದಾರೆ. ಸಿದ್ದಪ್ಪ ಗುಡ್ಡದ ಮೇಲೆಯೇ ಇದ್ದಾನೆ. ಇನ್ನೊಬ್ಬಳು ಗೌರವ್ವ. ಬರುವ ಹುಣ್ಣಿಮೆಗೆ ಬಂಗಲೆಯಲ್ಲಿ ಕೋಣೆ ಬೇಕೆಂದು ಹೇಳಿ ಕಳಿಸಿದ್ದಾಳೆ. ನಿನ್ನೆ ತಿಮ್ಮಾಪುರದ ಕಡೆಯಿಂದ ಪ್ರಾಯದ ನಾಯಿಯೊಂದನ್ನು ತಂದಳು. ಒಳ್ಳೆಯ ನಾಯಿ, ಬಂದ ಕೂಡಲೇ ನನ್ನ ಕೈ ನೆಕ್ಕಿತು.

“ಏನಂತ ಕರೀಲಿ?” ಎಂದೆ.

“ಹೆಸರ ಇಡಬ್ಯಾಡ್ರಿ ಅದಕ್ಕ,” ಎಂದಳು.